ಹೆಸರು ಬದಲಾಯಿಸಲಾಗಿದೆ

"ಕೆಮಿ ಬಿಟ್ಟ್ ಕೇಣಾ ಬೋಳಿಮಗನೇ! ಇದ್ ಯಾರ್ ಕೈಯಾ?"

ಮೂಡುಮನೆಯ ಅಂಗಳದಲ್ಲಿ ಬಿಳಿ ಕಾರು ನಾಲ್ಕೂ ಬಾಗಿಲು ತೆರೆದು ನಿಂತಿತ್ತು. ಒಳಗಿನ ಸ್ಪೀಕರಿನಿಂದ ಡೋಲಿನ ಸದ್ದು ಬರುತ್ತಿತ್ತು. ಮನೆಯೊಡೆಯ ಜಿತೇಂದ್ರ ಮೊಬೈಲಿನಲ್ಲಿ ಹಿಂದಕ್ಕೆ ಎಳೆದು ಎಳೆದು ಅದನ್ನೇ ಮತ್ತೆ ಮತ್ತೆ ಹಾಕುತ್ತಿದ್ದ. ಕೊಟ್ಟಿಗೆ ಬಾಚುತ್ತಿದ್ದ ಪದ್ದುವನ್ನು ಸಗಣಿ ಕೈಯಲ್ಲೇ ಕರೆಸಿದ್ದರು. ಅವಳ ಗಂಡ ಕುಷ್ಟನನ್ನು ಕಾಲೊನಿಯಿಂದ ಎಬ್ಬಿಸಿ ತಂದಿದ್ದರು. ಗಂಡ ಹೆಂಡತಿ ಅಂಗಳದ ಕೆಳಗೆ, ಗೊಬ್ಬರಗುಂಡಿಯ ಬದಿಗೆ ನಿಂತಿದ್ದರು. ಕುಷ್ಟನ ಅಪ್ಪ ನಿಂತದ್ದೂ ಅಲ್ಲೇ, ಅಜ್ಜ ನಿಂತದ್ದೂ ಅಲ್ಲೇ. ಅಂಗಳಕ್ಕೆ ಇಂಟರ್‌ಲಾಕ್ ಬಂತು, ಮನೆಗೆ ಲಿಫ್ಟ್ ಬಂತು, ಜಿತೇಂದ್ರ ಮುಂಬಯಿಯ ಠಾಣೆಯಲ್ಲಿ ಹೋಟೆಲಿನ ಮೇಲೆ ಹೋಟೆಲು ತೆರೆದ. ಕೊರಗರು ನಿಲ್ಲುವ ಆ ಜಾಗ ಮಾತ್ರ ಒಂದು ಗೇಣೂ ಮೇಲಕ್ಕೆ ಬರಲಿಲ್ಲ.

"ಕೇಣ್ತಿತ್ತಾ, ಇಲ್ಯಾ?"

"ಕೇಣ್ತಿತ್ತ್ ಒಡ್ಯಾ," ಎಂದ ಕುಷ್ಟ.

"ಯಾರ್ ಕೈ?"

ಕುಷ್ಟ ನೆಲ ನೋಡಿದ.

"ನಾನೇ ಹೇಳ್ಕಾ? ನಮ್ಮನಿ ಕೋಣ ಕಂಬ್ಳಗದ್ದಿಗ್ ಇಳಿವತಿಗೆ ಹೊಡು ಪೆಟ್ಟ್ ಇದ್. ನಾ ತೊಟ್ಲಗ್ ಇಪ್ಪತಿಗಿಂದ ಕೇಂಡದ್. ನಿನ್ ಅಪ್ಪ ಹೊಡೀತಿದ್ದ, ಅವ ಸತ್ತ್ ಮೇಲ್ ನೀನ್. ಈ ಸೀಮಿಯಗೆ ಮತ್ಯಾರಿಗ್ ಬತ್ತಾ ಇದ್? ಹೆಸ್ರ್ ಬದ್ಲ್ ಮಾಡಿರಂಬ್ರ್, ದನಿ ಬದ್ಲ್ ಮಾಡಿರಂಬ್ರ್! ಕೈ ಬದ್ಲ್ ಮಾಡುಕ್ ಆತ್ತನಾ ಬೇವರ್ಸಿ?"

ಡೋಲು ನಿಂತು ಕಾರಿನೊಳಗಿಂದ ಒಂದು ದನಿ ಮಾತಾಡತೊಡಗಿತು. ಕೊಡಪಾನದೊಳಗೆ ತಲೆ ಹಾಕಿ ಮಾತಾಡಿದಂಥ ದನಿ. ಗಂಡಸೋ ಹೆಂಗಸೋ ತಿಳಿಯುವಂತಿರಲಿಲ್ಲ. ಜಿತೇಂದ್ರ ಅದನ್ನು ಪಟ್ಟನೆ ನಿಲ್ಲಿಸಿದ. ಆ ಮಾತು ಅವನ ಅಂಗಳದಲ್ಲಿ ಕೇಳುವುದು ಅವನಿಗೆ ಬೇಡವಾಗಿತ್ತು.

"ದುಬೈಂದ ಫೋನ್ ಬತ್ತಿತ್ತ್ ನಂಗೆ. ‘ಇದ್ ನಿಮ್ಮನಿಯಲ್ದಾ’ ಅಂದ್ ಕೇಂತ್ರ್. ಮರ್ಯಾದಿ ತೆಗ್ದ್ರ್ಯಲ್ಲಾ!"

ಜಗಲಿಯ ಕಂಬ ಹಿಡಿದು ಜಿತೇಂದ್ರನ ತಾಯಿ ನಿಂತಿದ್ದರು. "ನಮ್ ಅನ್ನ ತಿಂದ್ ನಮ್ ಮೇಲೇ ಹೇಳ್ತ್ಯಲ್ಲೇ ಪದ್ದು," ಎಂದರು.

"ಆ ಅನ್ನದ್ ಸುದ್ದಿಯೇ ನಾ ಹೇಳದ್ ಅಮ್ಮಾ," ಎಂದಳು ಪದ್ದು.

ಬಾಯಿ ತಡೆಯುವ ಅಭ್ಯಾಸ ಪದ್ದುವಿಗೆ ಹುಟ್ಟಿನಿಂದಲೇ ಇಲ್ಲ. ಜಿತೇಂದ್ರ ಮೆಟ್ಟಿಲಿಳಿದು ಬಂದು ಅವಳ ಕಾಲ ಬಳಿಯ ಸಗಣಿ ಬುಟ್ಟಿಗೆ ಒದ್ದ. ಮೈಗೆ ಕೈ ಹಚ್ಚಲಿಲ್ಲ. ಮುಟ್ಟಿದರೆ ಮೀಯಬೇಕು, ಬೆಳಗಿನ ಸ್ನಾನ ಆಗಿ ಹೋಗಿತ್ತು.

"ಕಾಲೊನಿಯಿಂದ ರೋಡಿಗ್ ಹೋಪು ದಾರಿ ನಮ್ ಗದ್ದಿ ಅಂಚಗ್ ಇಪ್ಪುದ್. ನಾಳಿಂದ ಒಬ್ರೂ ಕಾಲಿಡುಕಾಗ. ಆ ಮೈಕಿನ ರಂಡೆ ಹತ್ರೆ ಹೇಳ್, ಗಾಳಿಯಗೆ ದಾರಿ ಮಾಡ್ಕೊಡುಕೆ."

ಪದ್ದು ಆಗ ಯೋಚಿಸಿದ್ದು ತನ್ನ ಕೆಲಸದ ವಿಷಯವನ್ನಲ್ಲ. ಮನೆಯಲ್ಲಿ ಮಗಳು ಅನಿಷಾ ತುಂಬು ಬಸುರಿ. ಇವತ್ತೋ ನಾಳೆಯೋ ಎಂಬಂತಿದ್ದಾಳೆ. ಆಸ್ಪತ್ರೆ ಕುಂದಾಪುರದಲ್ಲಿ, ಆಂಬುಲೆನ್ಸ್ ನಿಲ್ಲುವುದು ಡಾಮರು ರಸ್ತೆಯಲ್ಲಿ. ಕಾರೆಜೆಡ್ಡಿನ ಕಾಲೊನಿಯಿಂದ ಡಾಮರಿಗೆ ಇರುವುದು ಅದೊಂದೇ ದಾರಿ. ಇನ್ನೊಂದು ಬದಿಗೆ ಹೊಳೆ, ಹೊಳೆಯ ಈಚೆಗೆ ತೊಡೆಯುದ್ದ ಕೆಸರು.

*

ಮೈಕಿನ ಹುಡುಗಿ ಬಂದದ್ದು ಮಳೆ ಕಡಿಮೆಯಾಗುವ ಸೋಣೆ ತಿಂಗಳು ಮುಗಿಯುವ ಹೊತ್ತಿಗೆ. ದಿವ್ಯಾ ಅಂತ ಹೆಸರು, ಬೆಂಗಳೂರಿನವಳು. ಜನ ಮೊಬೈಲಿನಲ್ಲಿ ಕಿವಿಗೆ ಬತ್ತಿ ಹಾಕಿಕೊಂಡು ಕೇಳುತ್ತಾರಲ್ಲ, ಅಂಥ ಪಾಡ್‌ಕಾಸ್ಟ್ ಮಾಡುವವಳು. ಮೊದಲೆಲ್ಲ ಬಂದವರು ಬಿಸ್ಕಿಟ್ ಪ್ಯಾಕೆಟ್ ಹಂಚಿ, ಮಕ್ಕಳ ಮೂಗಿನ ಸಿಂಬಳದ ಫೋಟೊ ಹೊಡೆದುಕೊಂಡು ಹೋದವರು. ಇವಳ ಹತ್ತಿರ ಕ್ಯಾಮರಾ ಇರಲಿಲ್ಲ. ಬೆಕ್ಕಿನ ಮರಿಯಂಥ ರೋಮದ ಟೊಪ್ಪಿ ಹಾಕಿದ ಮೈಕು, ಅಷ್ಟೇ. ಪದ್ದು ಕೊಟ್ಟ ಚಾವನ್ನು ಲೋಟದ ತಳ ಕಾಣುವವರೆಗೆ ಕುಡಿದಳು. ಪದ್ದು ಅದನ್ನು ನೋಡಿದಳು. ಕುಡಿದ ಹಾಗೆ ಮಾಡಿ ಗಿಡದ ಬುಡಕ್ಕೆ ಚೆಲ್ಲಿದವರನ್ನೂ ಅವಳು ನೋಡಿದವಳೇ.

"ಮುಖ ಕಾಣಲ್ಲ ಪದ್ದಕ್ಕ. ಹೆಸರು ಬದಲಾಯಿಸ್ತೀನಿ. ದನಿನೂ ಬದಲಾಯಿಸ್ತೀನಿ. ಯಾರಿಗೂ ಗೊತ್ತಾಗಲ್ಲ," ಎಂದಳು ದಿವ್ಯಾ. ಸುಳ್ಳು ಹೇಳುವ ಹುಡುಗಿಯಾಗಿರಲಿಲ್ಲ. ತಾನು ಹೇಳಿದ್ದನ್ನು ತಾನೇ ನಂಬಿದ್ದಳು.

ಪದ್ದು ಹೇಳಿದಳು. ಹೇಳಬೇಕೆಂದು ಎಷ್ಟು ಕಾಲದಿಂದ ಗಂಟಲಲ್ಲಿ ಕಾದಿತ್ತೋ ಏನೋ, ಮೈಕಿನ ರೋಮ ಬಾಯಿಗೆ ತಾಗುವಷ್ಟು ಹತ್ತಿರ ಹೋಗಿ ಹೇಳಿದಳು.

ಜಿತೇಂದ್ರನ ಹೆಂಡತಿ ಶ್ರೀಲತಾಳಿಗೆ ಹೊಟ್ಟೆಯಲ್ಲಿ ಕೂಸು ನಿಲ್ಲುತ್ತಿರಲಿಲ್ಲ. ಮತ್ತೆ ನಿಂತಾಗ ಮಳೆಗಾಲದ ಆರಂಭಕ್ಕೆ ಸೀಮಂತ ಮಾಡಿದರು. ಅವತ್ತು ಕಾಲೊನಿಗೆ ಹೇಳಿ ಕಳಿಸಿದರು: ಬಸುರಾಗಿರುವ ಕೊರಗರ ಹೆಣ್ಣು ಬರಬೇಕು. ಆಗ ಅನಿಷಾಳಿಗೆ ನಾಲ್ಕನೇ ತಿಂಗಳು. ಕೊಟ್ಟಿಗೆಯ ಹಿಂದೆ ಎಲೆ ಹಾಕಿದ್ದರು. ಅನ್ನ, ಮೇಲೆ ಪಾಯಸ. ಅನ್ನದ ಅಡಿಯಲ್ಲಿ ಶ್ರೀಲತಾಳ ಉಗುರಿನ ಚೂರು, ಕತ್ತರಿಸಿದ ಕೂದಲು. ಅವಳ ಹೊಟ್ಟೆಯ ಕೇಡು ಇವಳ ಹೊಟ್ಟೆಗೆ ದಾಟಬೇಕು. ಇದಕ್ಕೆ ಅಜಲು ಅಂತ ಹೆಸರು. ಸರಕಾರ ನಿಷೇಧ ಮಾಡಿ ಕಾಲವಾಯಿತು. ಕೊಟ್ಟಿಗೆಯ ಹಿಂದೆ ಸರಕಾರ ಬರುವುದಿಲ್ಲ.

"ಮಗ್ಳ್ ಕೂಕಂಬುಕ್ ಹೊರ್ಟ್ಳ್. ಅವ್ಳಿಗ್ ಎಂತ ಗೊತ್ತಿತ್ತ್, ಪಾಯ್ಸ ಕಂಡ್ಳ್. ನಾ ಅವ್ಳ್ನ್ ದೂಡಿ ಎಲಿ ಮುಂದ್ ಕೂತೆ. ನಾನೇ ಉಂಡೆ. ಉಗ್ರಾರೂ ನುಂಗ್ಲಕ್ಕ್ ಅಮ್ಮಾ, ಕೂದ್ಲ್ ನುಂಗುಕ್ ಆತ್ತಿಲ್ಲ. ಗಂಟ್ಲಗೆ ಸುತ್ಕಂತ್ತ್."

ಅದೇ ಹೊತ್ತಿಗೆ ನೆರೆಮನೆಯ ಜಲಜಳ ಹುಂಜ ಕೂಗಿತು.

"ಪದ್ದಕ್ಕ, ಅದನ್ನು ಇನ್ನೊಂದು ಸಲ ಹೇಳ್ತೀರಾ? ಕೋಳಿ ಕೂಗಿಬಿಡ್ತು," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಪದ್ದು ಇನ್ನೊಂದು ಸಲ ಹೇಳಿದಳು. ಎರಡನೇ ಸಲ ಅಳು ಬರಲಿಲ್ಲ.

"ನಿಮಗೆ ಯಾವ ಹೆಸರಿಡಲಿ?"

ಇಂಥ ಪ್ರಶ್ನೆಯನ್ನು ಪದ್ದುವಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಎರಡು ಮಳೆಗಾಲ ಶಾಲೆಗೆ ಹೋದಾಗ ಒಬ್ಬ ಟೀಚರಿದ್ದರು, ಸೀರೆಗೆ ಪಿನ್ನು ಹಾಕಿಕೊಂಡು ಬರುತ್ತಿದ್ದವರು. "ಪ್ರಫುಲ್ಲಾ ಅಂದ್ ಇಡ್," ಎಂದು ನಾಚಿಕೊಂಡು ನಕ್ಕಳು.

ಹೊರಡುವಾಗ ದಿವ್ಯಾ ಮೂಲೆಯಲ್ಲಿದ್ದ ಡೋಲನ್ನು ನೋಡಿದಳು. ಮಧ್ಯದಲ್ಲಿ ಹಾಕಲು ಸ್ವಲ್ಪ ಸದ್ದು ಸಿಕ್ಕರೆ ಒಳ್ಳೆಯದಿತ್ತು ಅಂದಳು. "ನಿಮಗೆ ಇಷ್ಟ ಆಗಿದ್ದನ್ನ ಬಾರಿಸಿ ಕುಷ್ಟಣ್ಣ. ನಿಮಗೋಸ್ಕರ."

ಹೊಡಿಯಾ ಅಂದವರುಂಟು, ನಿಲ್ಲಿಸಾ ಅಂದವರುಂಟು. ಚಳಿಗಾಲದ ರಾತ್ರಿ ಪೂರ್ತಿ ಗದ್ದೆಯ ಅಂಚಿನಲ್ಲಿ ನಿಲ್ಲಿಸಿ ಹೊಡೆಸಿ, ಬೆಳಿಗ್ಗೆ ತಂಗಳು ಕೊಟ್ಟು ಕಳಿಸಿದವರುಂಟು. ನಿನಗೆ ಇಷ್ಟವಾದದ್ದು ಯಾವುದು ಅಂದವರು ಯಾರೂ ಇರಲಿಲ್ಲ. ಕುಷ್ಟ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಡೋಲನ್ನು ಬಿಸಿಲಿಗೆ ಕಾಯಿಸಿ, ಕೊರಳಿಗೆ ಹಾಕಿ, ತನಗೆ ಬರುವ ಪೆಟ್ಟುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಆರಿಸಿದ. ಅದು ಮೂಡುಮನೆಯ ಕೋಣಗಳು ಗದ್ದೆಗಿಳಿಯುವಾಗಿನ ಪೆಟ್ಟು. ಅಪ್ಪ ಕಲಿಸಿದ್ದು. ಕೋಣಗಳಿಗಲ್ಲದೆ, ಒಡೆಯನಿಗಲ್ಲದೆ, ತನಗಾಗಿ ಅದನ್ನು ಬಾರಿಸುತ್ತಿರುವುದು ಅದೇ ಮೊದಲು. ಎಷ್ಟು ಚೆನ್ನಾಗಿ ಬಾರಿಸಿದನೆಂದರೆ ಕಾಲೊನಿಯವರೆಲ್ಲ ಬುಟ್ಟಿ ಹೆಣೆಯುವುದನ್ನು ಬಿಟ್ಟು ಬಂದು ನಿಂತರು.

ದೀಪಾವಳಿ ಕಳೆದ ಮೇಲೆ ಅನಿಷಾ ಮೊಬೈಲಿನಲ್ಲಿ ಅದನ್ನು ಕೇಳಿಸಿದಳು. "ಹೆಸರು ಮತ್ತು ದನಿ ಬದಲಾಯಿಸಲಾಗಿದೆ" ಎಂದು ಮೊದಲೇ ಹೇಳಿದರು. ಅಮ್ಮನ ದನಿ ಕೇಳಿ ಅನಿಷಾ ಹೊಟ್ಟೆ ಹಿಡಿದು ನಕ್ಕಳು. "ಅಬ್ಬೀ, ನಿಂಗ್ ಗಡ್ಡ ಬಂದಾಂಗ್ ಇತ್ತಲೇ!" ಪದ್ದುವೂ ನಕ್ಕಳು. ಕುಷ್ಟ ಮಾತ್ರ ಎಲ್ಲರನ್ನೂ ಸುಮ್ಮನಿರಿಸಿ ಡೋಲು ಬರುವ ಜಾಗವನ್ನು ತಿರುಗಿಸಿ ತಿರುಗಿಸಿ ಹಾಕಿಸಿಕೊಂಡ. ಎಲ್ಲ ಬದಲಾಗಿದೆ, ಡೋಲು ಮಾತ್ರ ಹೇಗಿತ್ತೋ ಹಾಗೇ ಇದೆ ಎಂದು ಅವನಿಗೆ ಹೆಮ್ಮೆ. ಅದೇ ಕುತ್ತಿಗೆಗೆ ಬರುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ.

*

ಮೂಡುಮನೆಯ ಅಂಗಳದಲ್ಲಿ ಬೈಸಿಕೊಂಡ ಮಾರನೆಯ ದಿನವೇ ಲಾರಿಯಲ್ಲಿ ಕೆಂಪು ಕಲ್ಲು ಬಂತು. ಎರಡು ದಿನದಲ್ಲಿ ಎದೆಯುದ್ದ ಗೋಡೆ ಎದ್ದಿತು, ಅದರ ಮೇಲೆ ಮುಳ್ಳುತಂತಿ. ಕಾಲೊನಿಯ ಮಕ್ಕಳು ಶಾಲೆ ಬಿಟ್ಟು ಕಲ್ಲು ಕಟ್ಟುವುದನ್ನು ನೋಡುತ್ತ ಕೂತರು.

ಪದ್ದು ಕೆಸರು ದಾಟಿ ಪಂಚಾಯ್ತಿಗೆ ಹೋದಳು. ಅಲ್ಲಿನ ಅಧಿಕಾರಿ ಯತೀಶ್ ಒಳ್ಳೆಯವನೆಂದು ಊರಲ್ಲಿ ಹೆಸರು. ಮಂಡಿಯವರೆಗೆ ಕೆಸರಾಗಿದ್ದ ಪದ್ದು ಬಾಗಿಲಲ್ಲೇ ನಿಂತಳು. ಅವನು ಕಿವಿಯ ಬತ್ತಿ ತೆಗೆದು ಕೊರಳಿಗೆ ಹಾಕಿಕೊಂಡು, ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನಾನೂ ಕೇಂಡೆ ಮಾರಾಯ್ತಿ. ಕಾರಗ್ ಬಪ್ಪತಿಗೆ ಕೇಂಡೆ. ಸತ್ಯ ಹೇಳ್ತೆ, ಕಣ್ಣಗ್ ನೀರ್ ಬಂತ್. ಕಾರ್ ಬದಿಗ್ ಹಾಕಿ ಕೂಕಂಡೆ."

"ಹಂಗಾರ್ ಗೋಡಿ ತೆಗ್ಸಿ ಸಾರ್. ಮಗ್ಳಿಗ್ ದಿನ ತುಂಬಿತ್ತ್."

"ಅದ್ ಅವ್ರ್ ಪಟ್ಟಾ ಜಾಗ. ನಾನ್ ಎಂತ ಮಾಡುಕ್ ಆತ್ತ್?"

"ಎಲಿಯಗೆ ಉಗ್ರ್ ಹಾಕಿ ಕೊಟ್ರಲೆ, ಅದ್ಕಾರೂ ಕೇಸ್ ಮಾಡಿ."

ಯತೀಶ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದ. "ಕಾಣ್ ಪದ್ದು. ಉಗ್ರ್ ಉಂಡದ್ ಪ್ರಫುಲ್ಲಾ. ಆ ಪ್ರಫುಲ್ಲಾ ಯಾರ್ ಅಂದ್ ನಂಗ್ ಗೊತ್ತಿಲ್ಲ. ಗೊತ್ತಾರೆ ನಾನ್ ಮೇಲಿನವ್ರಿಗ್ ಬರಿಕ್, ಪೋಲೀಸ್ರ್ ಬರ್ಕ್, ನೀ ಸಾಕ್ಷಿ ಹೇಳ್ಕ್, ಕಡಿಗೆ ಊರಗ್ ಇಪ್ಪುದ್ ನೀನೇ ಅಲ್ದಾ? ನಿನ್ ಒಳ್ಳೇದಕ್ಕೇ ಹೇಳ್ತೆ. ಗೊತ್ತಿಲ್ಲ ಅಂದೇ ಇರ್ಲಿ."

"ಅಳುಕ್ ಗೊತ್ತಾಯ್ತ್, ಬರಿಯುಕ್ ಗೊತ್ತಿಲ್ಯಾ ಸಾರ್?"

"ಹೋಯ್ ಪದ್ದೂ, ಸುಮ್ನ್ ಹೋಯ್ಕ್ ಈಗ," ಎಂದು ಯತೀಶ ಬತ್ತಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಅನಿಷಾ ದಿವ್ಯಾಳಿಗೆ ಫೋನ್ ಹಚ್ಚಿ ಅಮ್ಮನ ಕೈಗೆ ಕೊಟ್ಟಳು. ಅತ್ತ ಕಡೆ ಹುಡುಗಿ ಅತ್ತುಬಿಟ್ಟಳು. "ನನ್ನ ತಪ್ಪು ಪದ್ದಕ್ಕ, ಡೋಲಿನ ಬಗ್ಗೆ ನಾನು ಯೋಚನೆ ಮಾಡಲೇ ಇಲ್ಲ. ಈಗಲೇ ತೆಗೆಸಿಬಿಡ್ತೀನಿ."

"ತೆಗ್ದ್ರೆ ಗೋಡಿ ಬೀಳ್ತಾ ಮಗಾ?"

"ಎಷ್ಟು ಜನ ಕೇಳಿದಾರೆ ಗೊತ್ತಾ? ಊಟ ಸೇರಲಿಲ್ಲ ಅಂತೆಲ್ಲ ಬರೀತಿದ್ದಾರೆ. ಗೋಡೆ ಬಗ್ಗೆ ಇನ್ನೊಂದು ಎಪಿಸೋಡ್ ಮಾಡೋಣ. ನಾನೇ ಬರ್ತೀನಿ, ಕಂಬಳ ಮುಗಿದ ಮೇಲೆ."

"ಬಂದ್ ಎಂತ ಹಿಡಿತ್ಯಾ? ಗೋಡಿ ಸದ್ದ್ ಮಾಡ್ತಿಲ್ಲ," ಎಂದು ಪದ್ದು ಫೋನನ್ನು ಮಗಳ ಮಡಿಲಿಗೆ ಹಾಕಿದಳು. ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ತನ್ನ ಮೇಲೆಯೇ ಬಂತು. ಲೋಟ ಖಾಲಿ ಮಾಡಿದಳೆಂದು ಮನಸ್ಸನ್ನೇ ಕೊಟ್ಟುಬಿಟ್ಟೆನಲ್ಲ ಅನಿಸಿತು.

*

ಕಂಬಳ ಹತ್ತಿರ ಬಂತು. ಈ ವರ್ಷದ್ದು ಭಾರೀ ಜೋರು, ಮೂಡುಮನೆಗೆ ಗಂಡು ಕೂಸು ಹುಟ್ಟಿದ ಸಂತೋಷಕ್ಕೆ. ಶ್ರೀಲತಾಳ ಕೂಸು ಉಳಿಯಿತು, ದುಂಡಗೆ ಬೆಳೆಯಿತು. ಅದನ್ನು ನೋಡಿದಾಗೆಲ್ಲ ಪದ್ದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಕೇಡು ದಾಟಿದ್ದು ಹೌದಾದರೆ ಅದು ಈಗ ಎಲ್ಲಿದೆ? ಉಂಡವಳ ಹೊಟ್ಟೆಯಲ್ಲೇ ಇರಲಿ, ನನಗೇ ಬರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದಳು.

ಮೂಡುಮನೆಯ ಆಳು ಹೇಳಿಹೋದ: ಪದ್ದು ಬಂದು ಒಡೆಯರ ಮೊಬೈಲಿನಲ್ಲಿ ನಾಲ್ಕು ಮಾತು ಹೇಳಬೇಕಂತೆ. ಮುಂಚೆ ಹೇಳಿದ್ದೆಲ್ಲ ಸುಳ್ಳು ಅಂತ. ಊರಿನ ಗ್ರೂಪಿಗೆ, ಮುಂಬಯಿ ಸಂಘದ ಗ್ರೂಪಿಗೆ ಹಾಕುತ್ತಾರಂತೆ. ಹೇಳಿದರೆ ದಾರಿ ಬಿಡುತ್ತಾರಂತೆ.

"ಹೇಳ್ ಮಾರಾಯ್ತಿ," ಎಂದ ಕುಷ್ಟ. "ಮಾತ್ ತಾನೆ. ಮಗ್ಳಿಗ್ ದಾರಿ ಬೇಕ್."

ಅನಿಷಾ ಸೊಂಟಕ್ಕೆ ಕೈ ಕೊಟ್ಟುಕೊಂಡು ಮನೆಯ ಗೋಡೆಗೆ ಒರಗಿ ಕೂತಿದ್ದಳು. ಪದ್ದು ಕೆಸರು ಸುತ್ತಿ ಹೋದಳು. ದಾರಿಯುದ್ದಕ್ಕೂ ಮಾತುಗಳನ್ನು ಬಾಯಲ್ಲಿ ಆಡಿಸಿಕೊಂಡು ಹೋದಳು, ಕೂದಲಿನ ಹಾಗೆ ಸುತ್ತಿಕೊಂಡು ನಿಲ್ಲಬಾರದೆಂದು.

ಜಿತೇಂದ್ರ ಅಂಗಳದ ಅಂಚಿನಲ್ಲಿ ಕುರ್ಚಿ ಹಾಕಿ ಕೂತು, ಮೊಬೈಲನ್ನು ಒಂದು ಕೋಲಿಗೆ ಸಿಕ್ಕಿಸಿ ಕೆಳಕ್ಕೆ ಚಾಚಿದ.

"ಹೆಸ್ರ್ ಸಮೇತ ಹೇಳ್ಕ್. ಪ್ರಫುಲ್ಲಾ ಗಿಫುಲ್ಲಾ ಎಲ್ಲ ಬೇಡ. ನಿನ್ ಸ್ವಂತ ಹೆಸ್ರ್."

"ನಾನ್ ಪದ್ದು. ಕಾರೆಜೆಡ್ಡಿನ ಕುಷ್ಟನ ಹೆಂಡ್ತಿ," ಎಂದಳು. "ಮೂಡ್ಮನಿಯವ್ರ್ ನಮ್ಗೆ ದೇವ್ರಾಂಗೆ. ಎಲಿಯಗೆ ಎಂತದೂ ಇದ್ದಿಲ್ಲ. ಬೆಂಗ್ಳೂರಿನ ಹೆಣ್ಣ್ ಹೇಳ್ಕೊಟ್ಟದ್ ನಾ ಹೇಳ್ದೆ. ಡೋಲ್ ನಾವ್ ಭಕ್ತಿಯಗೆ ಹೊಡುದ್, ಯಾರೂ ಹೊಡಿ ಅಂದ್ ಹೇಳ್ತಿಲ್ಲ..."

"ಅಳು ಬತ್ತಿತ್ತ್ ಅದ್ರಗೆ. ಮತ್ತೊಮ್ಮೆ ಹೇಳ್. ನಗಾಡ್ಕಂಡ್ ಹೇಳ್."

ಹೇಳಿದಳು. ಅಷ್ಟರಲ್ಲಿ ಹಟ್ಟಿಯಲ್ಲಿ ಕರು ಕೂಗಿತು. ಮತ್ತೂ ಒಮ್ಮೆ ಹೇಳಬೇಕಾಯಿತು. ಮೇಲಿನ ಕಿಟಕಿಯಲ್ಲಿ ಶ್ರೀಲತಾ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಪದ್ದು ಕತ್ತೆತ್ತಿದಾಗ ಅವಳು ಪರದೆ ಎಳೆದುಕೊಂಡಳು. ಸತ್ಯ ಹೇಳುವಾಗ ಪ್ರಫುಲ್ಲಾ, ಸುಳ್ಳು ಹೇಳುವಾಗ ಪದ್ದು, ಇದೆಂಥ ಹಣೆಬರಹವಪ್ಪಾ ಎಂದುಕೊಂಡಳು.

"ಒಡ್ಯಾ, ದಾರಿ?"

ಜಿತೇಂದ್ರ ಆಗಲೇ ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದ. "ಗೋಡಿ ಆಚಿಗೆ ಕಾರ್ ಪಾರ್ಕಿಂಗ್ ಮಾಡಿತ್ತ್. ಕಂಬ್ಳ ಮುಗೀಲಿ, ಕಾಂಬ. ಕುಷ್ಟನ ಹತ್ರೆ ಹೇಳ್, ಡೋಲಿಗ್ ಹೊಸ ಹಗ್ಗ ಕಟ್ಟುಕೆ."

ಕಾಂಬ. ನೋಡೋಣ. ಪದ್ದುವಿನ ಅಪ್ಪನಿಗೆ ಮನೆಯ ಜಾಗ ಕೊಡುತ್ತೇವೆ ಅಂದವರು ಹೇಳಿದ್ದೂ ಅದನ್ನೇ. ಆ ಮಾತಿನ ಆಚೆಗೆ ಏನಿರುತ್ತದೆಂದು ಅವಳ ಪೈಕಿ ಯಾರೂ ಇಷ್ಟರವರೆಗೆ ನೋಡಿದ್ದಿಲ್ಲ.

ಕುಷ್ಟ ಅಂಗಳದಲ್ಲಿ ಕಾಡುಬಳ್ಳಿಯ ಬೀಳು ಸೀಳಿ ಬುಟ್ಟಿ ಹೆಣೆಯುತ್ತಿದ್ದ. ಪದ್ದು ಹೇಳಿದ್ದನ್ನು ಕೊನೆಯವರೆಗೆ ಕೇಳಿದ. "ಮೂರ್ ಸಲ ಹೇಳ್ಸಿದ್ನಾ?" ಎಂದು ಕೇಳಿದ. ಎದ್ದು ಒಳಗೆ ಹೋಗಿ ಡೋಲನ್ನು ತಂದು ಬಿಸಿಲಲ್ಲಿಟ್ಟ. ಕಾಯಿಸುವುದಕ್ಕೆ ಇಟ್ಟ ಎಂದುಕೊಂಡರು ನೋಡಿದವರು. ಬೀಳು ಸೀಳುತ್ತಿದ್ದ ಕತ್ತಿಯಿಂದಲೇ ಒಂದು ಬದಿಯ ಚರ್ಮವನ್ನು ಅಡ್ಡಡ್ಡಕ್ಕೆ ಕೊಯ್ದ. ಮಗುಚಿ ಹಾಕಿ ಇನ್ನೊಂದು ಬದಿಯನ್ನೂ ಕೊಯ್ದ. ಅಪ್ಪನ ಕಾಲದ ಡೋಲು. ಅಪ್ಪನ ಅಂಗೈ ಬಡಿದು ಬಡಿದು ಕಪ್ಪಾಗಿದ್ದ ಚರ್ಮ.

"ಎಂತ ಮಾಡ್ದೆ ಮಾರಾಯಾ!" ಪದ್ದು ಓಡಿಬಂದಳು. "ಒಂದ್ ಹೊಟ್ಟಿಪಾಡ್ ಇದ್ದಿತಲಾ!"

"ಇನ್ ಯಾರ್ ಹೊಡಿತ್ರ್ ಕಾಂಬ," ಎಂದ ಕುಷ್ಟ. "ಅವ್ರ್ ಕೋಣ ಹ್ಯಾಂಗ್ ಇಳಿತ್ತ್ ಕಾಂಬ."

ಪದ್ದುವಿಗೆ ಅಳುವೂ ಬಂತು, ಎದೆಯೊಳಗೆ ಒಂದು ಬಗೆಯ ಖುಷಿಯೂ ಆಯಿತು. ಅಷ್ಟೂ ವರ್ಷದ ಸಂಸಾರದಲ್ಲಿ ಗಂಡ ಯಾವುದಕ್ಕಾದರೂ ಎದುರು ನಿಂತದ್ದನ್ನು ಅವಳು ಕಂಡಿರಲಿಲ್ಲ.

*

ಅನಿಷಾಳಿಗೆ ನೋವು ಬಂದದ್ದು ಕಂಬಳದ ದಿನ ಬೆಳಿಗ್ಗೆಯೇ.

ಅವಳ ಗಂಡ, ಗುಡ್ಡ ಎಂಬವನು, ಕುಂದಾಪುರದಲ್ಲಿ ಕಸದ ಗಾಡಿಯ ಕೆಲಸಕ್ಕೆ ಹೋಗುವವನು, ಅವತ್ತು ಪುಣ್ಯಕ್ಕೆ ಮನೆಯಲ್ಲಿದ್ದ. ಬಿದಿರಿಗೆ ಹಚ್ಚಡ ಕಟ್ಟಿ, ಅದರಲ್ಲಿ ಅವಳನ್ನು ಮಲಗಿಸಿ, ಮುಂದೆ ಕುಷ್ಟ ಹಿಂದೆ ಗುಡ್ಡ ಹೆಗಲು ಕೊಟ್ಟರು. ಒಂದು ಬದಿಗೆ ಪದ್ದು, ಇನ್ನೊಂದು ಬದಿಗೆ ನೆರೆಮನೆಯ ಜಲಜ. ಫೋನ್ ಮಾಡಿದ್ದಕ್ಕೆ ಆಂಬುಲೆನ್ಸ್ ಬಂದೂ ಬಂತು. ಗೋಡೆಯಾಚೆ, ಸಾಲು ಸಾಲು ಕಾರುಗಳ ಆಚೆ, ಡಾಮರಿನ ಮೇಲೆ ಅದರ ದೀಪ ತಿರುಗುತ್ತಿತ್ತು.

ಗೋಡೆಯ ಬಳಿ ಹಳದಿ ಟೀಶರ್ಟಿನ ಸ್ವಯಂಸೇವಕರು ನಿಂತಿದ್ದರು. ಅವರಲ್ಲಿ ಕೀರ್ತನ್ ಎಂಬವನು ಕಾಲೇಜಿಗೆ ಹೋಗುವವನು, ಮಾತು ಮೆದು.

"ಹ್ವಾಯ್, ನಿಲ್ಲಿ ನಿಲ್ಲಿ! ಈಗ್ ಗದ್ದಿ ಬದಿಗ್ ಬಪ್ಪುಕಾಗ. ಕೋಣ ಇನ್ನೂ ಇಳೀಲಿಲ್ಲ. ಹೆರು ಹೆಂಗ್ಸ್ ದಾಟ್ರೆ ಮೈಲ್ಗಿ ಅಂಬ್ರ್."

"ತಂತಿ ಮೇಲಿಂದ ದಾಟ್ಸ್ಕಂತ್ರ್ಯಾ? ನಾವ್ ಗದ್ದಿ ಮುಟ್ಟುದಿಲ್ಲ," ಎಂದಳು ಪದ್ದು.

"ಸಾರಿ ಅಕ್ಕಾ. ನಂಗ್ ಬೈತ್ರ್. ಕೋಣ ಇಳ್ದ್ ಕೂಡ್ಲೆ ನಾನೇ ಬಿಡ್ತೆ. ಒಂಚೂರ್ ಕೂಕಣಿ." ಅವನಿಗೆ ನಿಜವಾಗಿಯೂ ಬೇಸರವಾದಂತಿತ್ತು. ಬಾಟಲಿಯಲ್ಲಿದ್ದ ನೀರನ್ನು ಕೊಡುವುದಕ್ಕೂ ಬಂದ.

ಹಚ್ಚಡದಲ್ಲಿ ಅನಿಷಾ ಹಲ್ಲು ಕಚ್ಚಿ ನರಳಿದಳು. ಹಚ್ಚಡದ ನಡುಭಾಗ ಕೆಂಪಾಗಿ ಒದ್ದೆಯಾಗುತ್ತಿರುವುದನ್ನು ಪದ್ದು ಕಂಡಳು. ಜಲಜಳೂ ಕಂಡಳು.

"ತಿರ್ಗ್ಸಾ. ಹೊಳಿ ಬದಿಗ್ ಹೋಪ," ಎಂದಳು ಪದ್ದು.

ಹೊಳೆಯಲ್ಲಿ ಇಳಿತ, ಭರ್ತದ ನೀರು ಏರುವುದಕ್ಕೆ ಇನ್ನೂ ಹೊತ್ತಿತ್ತು. ಚಿಪ್ಪು ಹೆಕ್ಕುವ ಚಂದು ದೋಣಿ ತಂದು ನಿಂತಿದ್ದ. ದಡದವರೆಗೆ ಬರಲು ನೀರಿರಲಿಲ್ಲ. ದೂರದಲ್ಲಿ ನೀರಿನ ಅಂಚಿಗೆ ದೋಣಿ ನಿಲ್ಲಿಸಿ ಜಲ್ಲೆ ಊರಿಕೊಂಡು, "ಬನ್ನಿ, ಬನ್ನಿ, ಮೆಲ್ಲ" ಎಂದು ಕೂಗುತ್ತಿದ್ದ. ನಡುವೆ ಕೆಸರು. ಬರೀ ಮೈಯಲ್ಲಿ ದಾಟುವುದೇ ಕಷ್ಟ, ಹೊತ್ತುಕೊಂಡು ದಾಟುವುದೆಂದರೆ ಪ್ರತಿ ಹೆಜ್ಜೆಗೂ ಕಾಲನ್ನು ಕಿತ್ತು ತೆಗೆಯಬೇಕು. ನಡು ಕೆಸರಿಗೆ ಬರುವಷ್ಟರಲ್ಲಿ ಗುಡ್ಡ ಸೊಂಟದವರೆಗೆ ಇಳಿದುಬಿಟ್ಟಿದ್ದ. ಹಚ್ಚಡದ ಕೆಳಗಿನ ಬದಿ ಕೆಸರಿಗೆ ತಾಗುತ್ತಿತ್ತು.

ಆಗ ಮೈಕು ಗರಗರ ಎಂದಿತು. ಕಂಬಳಗದ್ದೆಯ ತೆಂಗಿನ ಮರಗಳಿಗೆ ಕಟ್ಟಿದ್ದ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಮೂಡುಮನೆಯ ಕೋಣಗಳು ಗದ್ದೆಗಿಳಿಯುತ್ತಿವೆ ಎಂದು ಒಬ್ಬ ಗಂಟಲು ಹರಿದು ಸಾರಿದ. ಅದರ ಹಿಂದೆಯೇ ಡೋಲು ಬಂತು.

ಕುಷ್ಟ ನಿಂತುಬಿಟ್ಟ.

ಅದೇ ಪೆಟ್ಟು. ಅದೇ ಕೈ. ಬಿಸಿಲಿಗೆ ಕಾಯಿಸಿ, ಅಂಗಿ ಹಾಕಿಕೊಂಡು, ತನಗಾಗಿ ಬಾರಿಸಿದ್ದು. ಗದ್ದೆ ದಾಟಿ, ಗೋಡೆ ದಾಟಿ, ಕೆಸರಿನ ಮೇಲೆ ಹಾದು ಆಚೆ ದಡದ ಬಸ್ರೂರಿನ ಕಡೆಗೆ ಹೋಗುತ್ತಿತ್ತು. ಕೋಣಗಳು ಇಳಿದಿರಬೇಕು, ಜನ ಹೋ ಎಂದರು.

"ಯಾರಾ ಹೊಡುದ್?" ಎಂದ ಕುಷ್ಟ. ಗೊತ್ತಿದ್ದೇ ಕೇಳಿದ.

"ನಿಮ್ದೇ ಮಾವ," ಎಂದ ಗುಡ್ಡ ಹಿಂದಿನಿಂದ ಏದುಸಿರು ಬಿಡುತ್ತ. "ಮೊಬೈಲಿಂದ ಹಾಕಿರ್. ನಡೀನಿ, ನಿಂತ್ರೆ ಹೂತ್ ಹೋತ್ತ್."

ಬಿದಿರು ಹಿಡಿದಿದ್ದ ಕುಷ್ಟನ ಬೆರಳುಗಳು ಆ ಪೆಟ್ಟಿಗೆ ಸರಿಯಾಗಿ ಅಲ್ಲಾಡುತ್ತಿದ್ದವು. ಅವನು ನಿಲ್ಲಿಸಬೇಕೆಂದು ಮುಷ್ಟಿ ಬಿಗಿದ. ಮುಷ್ಟಿಯೊಳಗೇ ಬೆರಳು ಮಿಡಿಯಿತು. ಅವನು ಮುದುಕನ ಹಾಗೆ ಬಾಯಿ ಬಿಟ್ಟು ಅಳತೊಡಗಿದ. ಬಿದಿರನ್ನು ಮಾತ್ರ ಹೆಗಲಿಂದ ಇಳಿಸಲಿಲ್ಲ.

ಡೋಲು ಮುಗಿಯಿತು. ನಿಲ್ಲಿಸಬೇಕಾದವನು ಕೋಣ ನೋಡುತ್ತಿದ್ದನೋ ಏನೋ, ನಿಲ್ಲಿಸುವುದನ್ನು ಮರೆತ. ಕೊಡಪಾನದೊಳಗಿನ ಆ ದನಿ ತೆಂಗಿನ ಮರಗಳ ಮೇಲಿಂದ ಊರಿಡೀ ಮಾತಾಡಿತು.

"ನಾನ್ ಪ್ರಫುಲ್ಲಾ. ಕೊಟ್ಗಿ ಹಿಂದ್ ಎಲಿ ಹಾಕಿದ್ರ್. ಅನ್ನದ್ ಅಡಿಯಗೆ ಉಗ್ರ್ ಇದ್ದಿತ್, ಕೂ—"

ಪಟ್ಟನೆ ನಿಂತಿತು. ಹೊಳೆಯ ನೀರು ದೋಣಿಗೆ ಬಡಿಯುವುದಷ್ಟೇ ಕೇಳುತ್ತಿತ್ತು.

ಪದ್ದು ಹಚ್ಚಡದ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಗದ್ದೆಯ ಕಡೆಗೆ ತಿರುಗಿದಳು. ತೊಡೆಯವರೆಗೆ ಕೆಸರು. ತಿರುಗುವುದಕ್ಕೂ ಬಲ ಬೇಕಾಯಿತು.

"ಪ್ರಫುಲ್ಲಾ ಅಲ್ದಾ!" ಎಂದು ಚೀರಿದಳು. "ಪದ್ದು! ಕುಷ್ಟನ ಹೆಂಡ್ತಿ ಪದ್ದು! ಉಗ್ರ್ ಇದ್ದಿತ್! ಕೂದ್ಲ್ ಇದ್ದಿತ್! ಮೂಡ್ಮನಿ ಶ್ರೀಲತಮ್ಮಂದ್! ನಾನೇ ಉಂಡದ್! ಪದ್ದು ಉಂಡದ್! ಕೇಣ್ತಿತ್ತನಾ ಬೋಳಿಮಕ್ಳೇ, ಪದ್ದೂ!"

ಅವಳ ಗಂಟಲು ಕೆಸರಿನಾಚೆ ಎಷ್ಟು ದೂರ ಹೋಯಿತೋ. ಚಂದು ಕೇಳಿಸಿಕೊಂಡ, ಜಲಜ ಕೇಳಿಸಿಕೊಂಡಳು. ಧ್ವನಿವರ್ಧಕ ಮತ್ತೆ ಗರಗರ ಎಂದಿತು. ಕುಷ್ಟನ ಡೋಲು ಮೊದಲಿಂದ ಶುರುವಾಯಿತು, ಈ ಸಲ ಇನ್ನೂ ಜೋರಾಗಿ. ಪದ್ದು ಚೀರುತ್ತಲೇ ಇದ್ದಳು. ಬಾಯಿ ಆಡುತ್ತಿರುವುದು ಕಾಣುತ್ತಿತ್ತು, ಅಷ್ಟೇ.

ಹಚ್ಚಡದೊಳಗಿಂದ ಒಂದು ತಣ್ಣನೆಯ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಪದ್ದು ಬಗ್ಗಿ ಕಿವಿಯನ್ನು ಮಗಳ ಬಾಯಿಗೆ ಹಚ್ಚಿದಳು.

"ಅಬ್ಬೀ, ಭರ್ತ ಬಂತಾ?" ಎಂದು ಕೇಳಿದಳು ಅನಿಷಾ.

ಪದ್ದು ಹೊಳೆಯ ಕಡೆ ನೋಡಿದಳು. ದೋಣಿ ನಿಂತಲ್ಲೇ ನಿಂತಿತ್ತು. ನೀರು ಇನ್ನೂ ಹಿಂದಕ್ಕೆ ಹೋಗುತ್ತಿತ್ತು.